ಬೆಂಕಿಗೆ ಹಾಕಿದ ಮುಖ

ವೇದಾವತಿಯ ಮುಖ ಉರಿಯುತ್ತಿತ್ತು. ಮೊದಲು ಗಲ್ಲ, ಆಮೇಲೆ ಹಣೆಯ ಕಾಸಗಲ ಕುಂಕುಮ. ಯಿಶುನ್ ಬಡಾವಣೆಯ ವಸತಿ ಬ್ಲಾಕೊಂದರ ಕೆಳಗೆ, ತಗಡಿನ ಡ್ರಮ್ಮಿನ ಮುಂದೆ ಕೂತಿದ್ದ ಚೀನೀ ಮುದುಕಿ ಆ ಮುಖ ಅಚ್ಚಾಗಿದ್ದ ಇನ್ನೊಂದು ಚುನಾವಣಾ ಕರಪತ್ರವನ್ನು ಬೆಂಕಿಗೆ ಹಾಕಿದಳು.

“ಮೂರನೇ ಸಂಜೆ ಇದು, ಆಂಟಿ,” ಎಂದ ಗಿರಿಧರ್. “ನಿಮ್ಮ ಫೋಟೋ ಇರೋದನ್ನೇ ಸೆಲೆಕ್ಟ್ ಮಾಡಿ ಹಾಕ್ತಾಳೆ. ಮಾಟ ಅಲ್ದೆ ಇನ್ನೇನು?”

ಬೆಂಗಳೂರಿನಿಂದ ಬಂದು ಇಲ್ಲಿಯ ಪೌರನಾದ ಗಿರಿಧರ್ ವೇದಾವತಿಯ ಪಕ್ಷದ ಕಾರ್ಯದರ್ಶಿ. ಪಕ್ಷವೆಂದರೆ ಏನು ಮಹಾ, ಹನ್ನೆರಡು ಜನ, ಒಂದು ಮೆಗಾಫೋನು.

ಅಂದು 2015ರ ಆಗಸ್ಟಿನ ಕೊನೆಯ ದಿನ. ಬೆಳಗಾದರೆ ನಾಮಪತ್ರ ಸಲ್ಲಿಸಬೇಕು. ಚೀನೀಯರೇ ಹೆಚ್ಚಿರುವ ಈ ದೇಶದಲ್ಲಿ, ಚುನಾವಣೆಗೆ ನಿಲ್ಲುವ ಐವರ ತಂಡದಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತರಿರಬೇಕು, ಅದಕ್ಕೆ ಜನಾಂಗ ತೀರ್ಮಾನಿಸುವ ಸರ್ಕಾರಿ ಸಮಿತಿಯ ಸರ್ಟಿಫಿಕೇಟು ಬೇಕು. ಈ ತಂಡದ ಒಬ್ಬಳೇ ಇಂಡಿಯನ್, ಅರವತ್ತೆರಡರ ನಿವೃತ್ತ ಟೀಚರ್ ವೇದಾವತಿ. ಸಮಿತಿಯವರು ಅವಳ ಮುಖವನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿ ಸರ್ಟಿಫಿಕೇಟು ಕೊಟ್ಟಿದ್ದರು. ಈಗ ಯಾರಾದರೂ ತಕರಾರು ಎತ್ತಿದರೆ ಐವರೂ ಮನೆಗೆ.

ಗಿರಿಧರನಿಗೆ ಮಾಟದ ಭಯ. ವೇದಾವತಿಯ ಭಯವೇ ಬೇರೆ. ಮನೆಮನೆ ಪ್ರಚಾರದಲ್ಲಿ ಚೀನೀ ಅಜ್ಜಿಯರು ಬಾಗಿಲು ತೆಗೆದು ಅವಳೊಡನೆ ತಮ್ಮ ಹೊಕ್ಕಿಯನ್ ಭಾಷೆಯಲ್ಲೇ ಮಾತು ಶುರುಮಾಡಿದಾಗಲೆಲ್ಲ ಅವಳು ಹಣೆಯ ಕುಂಕುಮ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಈ ಮುದುಕಿಯಂತೂ ಮಾತೇ ಆಡುತ್ತಿರಲಿಲ್ಲ. ಕಂಬದ ಮರೆಯಿಂದ ನೋಡುವಳು, ಅಷ್ಟೆ. ಕನಸಿಗೂ ಬಂದು ಹಾಗೇ ನೋಡುವಳು. ದಿನಾ ಕಂಡ ಮುಖದಂತಿತ್ತು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ.

“ಪೊಲೀಸ್ ಕಂಪ್ಲೇಂಟ್ ಕೊಡೋಣ್ವಾ?”

“ಬೇಡಪ್ಪಾ. ನಾಳೆ ಪೇಪರ್‌ನಲ್ಲಿ ಬಂದ್ರೆ ಕೆಲಸ ಕೆಡುತ್ತೆ. ನಾನೇ ಕೇಳ್ತೀನಿ.”

ಚೀನೀ ಪಂಚಾಂಗದಲ್ಲಿ ಅದು ಸತ್ತವರು ತಿರುಗಾಡುವ ಏಳನೇ ತಿಂಗಳು. ಹುಲ್ಲಿನ ಮೇಲೆಲ್ಲ ಕಿತ್ತಳೆ, ಊದುಬತ್ತಿ, ಸುಟ್ಟ ಕಾಗದದ ಬೂದಿ. ವೇದಾವತಿ ಹೊಗೆಯೊಳಗೆ ನಡೆದಳು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ನನ್ನ ಫೋಟೋ ಯಾಕೆ ಸುಡ್ತಿದ್ದೀರಾ?” ಮಾರ್ಕೆಟ್ಟಿನ ಮಲಯ್ ಭಾಷೆಯಲ್ಲಿ ಕೇಳಿದಳು. ಇಬ್ಬರಿಗೂ ಬರುತ್ತಿದ್ದುದು ಅದೊಂದೇ.

“ಅಮ್ಮನಿಗೆ ಕಳಿಸ್ತಿದ್ದೀನಿ. ಸುಟ್ಟಿದ್ದು ಸತ್ತವರಿಗೆ ಸೇರುತ್ತೆ.”

“ನಿಮ್ಮಮ್ಮನಿಗೆ ನನ್ನ ಫೋಟೋ ಯಾಕೆ?” ಕೇಳಿದ ಮರುಗಳಿಗೆಯೇ, ಕೇಳಬಾರದಿತ್ತು ಅನ್ನಿಸಿತು.

“ಮಗು ಬದುಕಿದೆಯಾ ಅಂತ ಕೇಳ್ತಾ ಕೇಳ್ತಾನೇ ಹೋದಳು.” ಮುದುಕಿ ಮೊಣಕಾಲು ಹಿಡಿದು ಎದ್ದಳು. ಗಿರಿಧರ್ ಹತ್ತಿರ ಬರುತ್ತಿರುವುದನ್ನು ಕಂಡು ದನಿ ತಗ್ಗಿಸಿದಳು. “ನಾಳೆ ಧೈರ್ಯವಾಗಿ ನಿಲ್ಲು. ನಾನು ಯಾರಿಗೂ ಹೇಳಲ್ಲ.”

ಮುದುಕಿ ವೇದಾವತಿಯ ಕೈ ಹಿಡಿದುಕೊಂಡಳು.

“ಹನ್ನೊಂದು ದಿನದ ನಿನ್ನನ್ನ ಆ ಇಂಡಿಯನ್ ಮನೆಗೆ ಎತ್ಕೊಂಡು ಹೋಗಿ ಕೊಟ್ಟವಳು ನಾನೇ, ತಂಗಿ.”