ಏಳನೇ ರಾಣಿ

ಮೈಮೇಲಿನ ಒಡವೆ ಈ ಹುಡುಗಿಯದಲ್ಲ. ಸುಚಿತ್ರಾಗೆ ಮೊದಲ ನೋಟಕ್ಕೇ ಹಾಗನ್ನಿಸಿತು.

ನ್ಯಾಮತಿಯ ಶಾಲಾ ಮೈದಾನದಲ್ಲಿ ಬೇಸಿಗೆ ಹಬ್ಬದ ಕೊನೆಯ ಸಂಜೆ. ಮಕ್ಕಳ ವೇಷಭೂಷಣ ಸ್ಪರ್ಧೆ ಅರ್ಧ ಮುಗಿದಿತ್ತು. ವೇದಿಕೆಯ ಹಿಂದಿನ ಶಾಮಿಯಾನದಲ್ಲಿ ಪೊಲೀಸು, ಡಾಕ್ಟರು, ಕೊರವಂಜಿ ಎಲ್ಲರೂ ಒಂದೇ ಬೆಂಚಿನ ಮೇಲೆ ಐಸ್ ಕ್ಯಾಂಡಿ ಚೀಪುತ್ತಾ ಕೂತಿದ್ದರು. ರಾಣಿಯರೇ ಆರು ಜನ. ಎಲ್ಲರ ಕಿರೀಟವೂ ರಟ್ಟಿನದು, ಸರಗಳು ಬಳೆ ಅಂಗಡಿಯವು. ಏಳನೆಯವಳು ಪರದೆ ಸರಿಸಿ ಒಳಗೆ ನುಗ್ಗಿದಳು. ಬರಿಗಾಲು, ಏದುಸಿರು. ಕೊರಳಲ್ಲಿ ಅಪ್ಪಟ ಚಿನ್ನ. ಜರಿ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

ಜೊತೆಗೆ ಅಮ್ಮ ಇರಲಿಲ್ಲ, ಅಕ್ಕನೂ ಇರಲಿಲ್ಲ. ಹಿಂದಿನ ಬೀದಿಯಿಂದ ಓಡಿ ಬಂದೆ ಅಂದಳು. ಹದಿನಾಲ್ಕು ವರ್ಷದ ಒಳಗಿನ ಮಕ್ಕಳು ಬರಬಹುದು ಅಂತ ಮೈಕಿನಲ್ಲಿ ಕೂಗಿದ್ದು ಅವಳಿಗೆ ಅಲ್ಲಿಗೇ ಕೇಳಿಸಿತಂತೆ.

ಹದಿನಾಲ್ಕು ತುಂಬಿಲ್ಲ ತಾನೆ ಎಂದು ಸುಚಿತ್ರಾ ಕೇಳಿದಳು.

“ಇಲ್ಲ ಮೇಡಂ. ಬೆಳಗ್ಗೆಯಿಂದ ಎಲ್ರಿಗೂ ಅದನ್ನೇ ಹೇಳಾಕತ್ತೀನಿ.”

ಅಷ್ಟರಲ್ಲಿ ಹಬ್ಬದ ಸಮಿತಿ ಅಧ್ಯಕ್ಷ ಶಿವಮೂರ್ತಪ್ಪ ಬಂದರು. ಹೆಸರು ಕೊಡುವ ಹೊತ್ತು ಮುಗಿದಿದೆ, ಈ ಹುಡುಗಿ ನಮ್ಮೂರಿನವಳೂ ಅಲ್ಲ, ವಾಪಸು ಕಳಿಸಿ ಎಂದರು. ಅವರ ಮೊಮ್ಮಗಳೂ ರಾಣಿ ವೇಷದಲ್ಲೇ ಇದ್ದಳು. ಅಸಲಿ ಚಿನ್ನದ ಮುಂದೆ ರಟ್ಟಿನ ಕಿರೀಟ ಮಂಕಾಗುತ್ತದೆ ಎಂಬ ಹೆದರಿಕೆ ಅವರಿಗೆ, ಸುಚಿತ್ರಾ ಅಂದುಕೊಂಡದ್ದು ಹಾಗೆ. ಸಮಿತಿಯ ಬೇಸಿಗೆ ಶಿಬಿರ ಶುರುವಾದಾಗಿನಿಂದ ಮಕ್ಕಳಿಗೆ ಬಟ್ಟೆ ಹೊಲಿದವಳು, ಮಾತು ಕಲಿಸಿದವಳು ಅವಳು. ಯಾರು ವೇದಿಕೆ ಹತ್ತಬೇಕು ಅನ್ನುವುದನ್ನು ಮಾತ್ರ ಪ್ರತಿ ಸಲ ಇವರೇ ಹೇಳುತ್ತಿದ್ದರು. ಈ ಸಲ ಅವಳಿಗೆ ರೇಗಿತು.

ಮಗು ವೇದಿಕೆಗೆ ಹೋಗೇ ಹೋಗುತ್ತದೆ ಎಂದಳು.

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಜಡೆ ಸರಿಮಾಡಿದಳು. ಕತ್ತಿನ ಹಿಂದೆ, ಕಿವಿಯ ಸಂದಿಯಲ್ಲಿ ಅರಿಶಿನ ಮೆತ್ತಿತ್ತು. ಪೌಡರಿಲ್ಲದ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಂಡು ಬಂದಿರಬೇಕು ಅಂದುಕೊಂಡಳು. ಪೌಡರು ಸಿಗದ ಮನೆಯಲ್ಲಿ ಇಷ್ಟು ಚಿನ್ನ ಎಲ್ಲಿಂದ ಬಂತು? ಅನುಮಾನ ಗಟ್ಟಿಯಾಯಿತು.

ಆದರೂ ಯಾವ ರಾಣಿ ಅಂತ ಕೂಗಿಸಲಿ ಎಂದಷ್ಟೇ ಕೇಳಿದಳು.

“ಬರೀ ರಾಣಿ ಅನ್ರಿ. ಉಳಿದದ್ದು ನಾನೇ ಹೇಳ್ತೀನಿ.” ಹುಡುಗಿ ಪರದೆಯ ಸಂದಿಯಿಂದ ಇಣುಕುತ್ತಿದ್ದಳು. ಮುಂದೆ ಕೂತವರು ಯಾರು ಎಂದು ವಿಚಾರಿಸಿದಳು. ತಹಸೀಲ್ದಾರ್ ಮೇಡಂ, ಮುಖ್ಯ ಅತಿಥಿ ಎಂದಳು ಸುಚಿತ್ರಾ. ಪಕ್ಕದಲ್ಲಿ ಬಂದೋಬಸ್ತಿಗೆ ಬಂದ ಇಬ್ಬರು ಮಹಿಳಾ ಪೊಲೀಸರು. ಪೊಲೀಸರನ್ನು ನೋಡಿ ಹುಡುಗಿ ಬೆದರಬಹುದು ಎಂದು ಸುಚಿತ್ರಾ ಅವಳ ಮುಖವನ್ನೇ ಗಮನಿಸಿದಳು. ಹುಡುಗಿ ಬೆದರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

ಅವಳ ಸರದಿಗೆ ಇನ್ನೊಂದು ಮಗು ಬಾಕಿ ಇರುವಾಗ ಇಬ್ಬರು ಗಂಡಸರು ಬಂದರು. ಒಬ್ಬ ಹಿರಿಯ, ಬೆವರಿನಲ್ಲಿ ತೊಯ್ದಿದ್ದ, ತಲೆ ಎತ್ತಲಿಲ್ಲ. ಇನ್ನೊಬ್ಬನಿಗೆ ಮೂವತ್ತರ ಮೇಲಿರಬಹುದು. ಹೊಸ ರೇಷ್ಮೆ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಅನುಕೂಲಸ್ಥ ಮನೆಯವನು ಎಂದು ನೋಡಿದರೇ ತಿಳಿಯುತ್ತಿತ್ತು.

“ಅವಳ ಮೈಮೇಲಿರೋದು ಪೂರಾ ನಮ್ಮನೇದು,” ಎಂದ ಅವನು, ದನಿ ತಗ್ಗಿಸಿ. “ಗಲಾಟೆ ಬ್ಯಾಡ. ಸುಮ್ನೆ ಹೊರಗೆ ಕಳಿಸಿಬಿಡ್ರಿ.”

ಅನುಮಾನ ನಿಜವೇ ಆಯಿತಲ್ಲ ಎಂದುಕೊಂಡಳು ಸುಚಿತ್ರಾ. ಶಿವಮೂರ್ತಪ್ಪನವರಿಗೆ ಇದೇ ಬೇಕಿತ್ತು. ನಾನು ಹೇಳಲಿಲ್ಲವೇ ಎಂಬಂತೆ ನೋಡಿ, ಕಳ್ಳಿಯನ್ನು ಹಿಡಿದು ಕೊಡಿ ಎಂದರು. ಹುಡುಗಿ ಮಾತ್ರ ಯಾರ ಕಡೆಗೂ ತಿರುಗಲಿಲ್ಲ. ಸುಚಿತ್ರಾಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಒಂದೇ ಒಂದು ಸಲ ಮೈಕಿನ ಮುಂದೆ ನಿಲ್ಲಿಸ್ರಿ ಮೇಡಂ. ಆಮೇಲೆ ಒಡವೆ ಎಲ್ಲ ಬಿಚ್ಚಿ ಅವರ ಕೈಗೇ ಕೊಡ್ತೀನಿ.”

ಕಳ್ಳತನ ಮಾಡಿದವಳು ಊರಿನ ಕಣ್ಣೆದುರು ನಿಲ್ಲಲು ಯಾಕೆ ಹೀಗೆ ಹಾತೊರೆಯುತ್ತಾಳೆ? ಸುಚಿತ್ರಾಗೆ ತಿಳಿಯಲಿಲ್ಲ. ಹುಡುಗಿಯ ಹಿಡಿತ ಮಾತ್ರ ತಿಳಿಯಿತು. ಕಳ್ಳಿಯೇ ಆಗಿರಲಿ, ತಾನೇ ಸರದಿ ಕೊಟ್ಟ ಮಗು. ಸುಚಿತ್ರಾ ವೇದಿಕೆಯ ಮೆಟ್ಟಿಲಿಗೆ ಅಡ್ಡ ನಿಂತಳು.

“ಸರದಿ ಮುಗೀಲಿ. ಅಲ್ಲೀವರೆಗೂ ಒಬ್ಬರೂ ಈ ಮೆಟ್ಟಿಲು ಹತ್ತಂಗಿಲ್ಲ.”

ಶಲ್ಯದವನು ಮುಂದೆ ಬಂದ. ಸುಚಿತ್ರಾ ಕದಲಲಿಲ್ಲ. ಮೈಕ್ ಆಫ್ ಮಾಡು ಎಂದು ಶಿವಮೂರ್ತಪ್ಪ ಸೌಂಡ್ ಸಿಸ್ಟಂನವನಿಗೆ ಸನ್ನೆ ಮಾಡಿದರು. ಆಫ್ ಮಾಡಿದರೆ ನಾಳೆಯಿಂದ ಶಿಬಿರವನ್ನು ನೀವೇ ನಡೆಸಿಕೊಳ್ಳಿ, ಯಾಕೆ ಬಿಟ್ಟೆ ಎಂದು ತಹಸೀಲ್ದಾರರ ಎದುರಿಗೇ ಹೇಳುತ್ತೇನೆ ಎಂದಳು ಸುಚಿತ್ರಾ. ಸನ್ನೆ ಮಾಡಿದ ಕೈ ಕೆಳಗಿಳಿಯಿತು. ಇಬ್ಬರೂ ಗಂಡಸರು ಶಾಮಿಯಾನ ಸುತ್ತಿ ಮುಂದಿನ ಕಂಬದ ಹತ್ತಿರ ಹೋಗಿ ನಿಂತರು, ಇಳಿಯುವಾಗ ಹಿಡಿದರಾಯಿತು ಎನ್ನುವಂತೆ.

“ಈಗ ರಾಣಿ,” ಎಂದು ನಿರೂಪಕಿ ಕೂಗಿದಳು.

ಹುಡುಗಿ ನೆರಿಗೆ ಎತ್ತಿಕೊಂಡು ವೇದಿಕೆಯ ನಡುವಿಗೆ ಹೋದಳು. ನಿಜವಾದ ಚಿನ್ನ ದೀಪದ ಬೆಳಕಿಗೆ ಝಗ್ಗೆಂದಿತು. ಜನ ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆ ಹಾಕಿದರು. ಸದ್ದು ಪೂರ್ತಿ ಅಡಗುವವರೆಗೂ ಅವಳು ಕಾದಳು. ಆಮೇಲೆ ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡು ತಹಸೀಲ್ದಾರರ ಕಡೆ ನೇರ ನೋಡಿದಳು.

“ನಾನು ರಾಣಿ ಅಲ್ಲ ಮೇಡಂ, ಇದು ವೇಷಾನೂ ಅಲ್ಲ. ನನ್ನ ಹೆಸರು ಧನುಶ್ರೀ, ಎಂಟನೇ ಕ್ಲಾಸ್ ಪಾಸು. ಆ ಕಂಬದ ಹತ್ರ ತಲೆ ಬಗ್ಗಿಸಿ ನಿಂತಿರೋರು ನಮ್ಮಪ್ಪ, ಪಕ್ಕದಲ್ಲಿ ಶಲ್ಯ ಹೊದ್ದಿರೋರಿಗೆ ನಾಳೆ ಬೆಳಗ್ಗೆ ನನ್ನ ಕೊಟ್ಟು ಮದುವೆ ಮಾಡ್ತಾರಂತೆ, ನಾನು ಒಲ್ಲೆ.”