ಕಾದು ಬಿದ್ದ ಹೆಜ್ಜೆ

ಅವಳು ಎಡಗಾಲಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಪಾದದ ಕೀಲು ಮತ್ತೆ ಊದಿಕೊಂಡಿತ್ತು.

“ಮೂಳೆಗೇನೂ ಆಗಿಲ್ಲ, ಉಳುಕಿದೆ,” ಎಂದರು ಡಾಕ್ಟರು. “ಪದೇ ಪದೇ ಯಾಕಮ್ಮ ಹೀಗೆ?”

“ಗಮನ ಇಲ್ಲ, ಅದಕ್ಕೆ,” ಎಂದರು ಜೊತೆಗೆ ಬಂದಿದ್ದ ನಾಟ್ಯದ ಗುರುಗಳು. “ಹೆಜ್ಜೆ ತಾಳಕ್ಕೆ ಬೀಳೋದೇ ಇಲ್ಲ. ಹೀಗೇ ಆದ್ರೆ ರಂಗಪ್ರವೇಶ ಮರೆತುಬಿಡ್ಲಿ.”

ಅವಳು ತಲೆ ತಗ್ಗಿಸಿದಳು. ಗುರುಗಳ ತಾಳಕ್ಕಿಂತ ಮುಂಚೆ ಹೆಜ್ಜೆ ಇಡಬಾರದೆಂದು ಚಿಕ್ಕಂದಿನಿಂದ ಕಲಿತವಳು. ಬೈಸಿಕೊಂಡು ಬೈಸಿಕೊಂಡು ಈಗ ಅಳುವುದಕ್ಕೂ ಸುಸ್ತು.

“ಆ ಹೆಜ್ಜೆ ಹೇಗೆ, ಕೂತಲ್ಲೇ ಬಲಗಾಲಲ್ಲಿ ತೋರಿಸಮ್ಮ. ಸಾರ್, ನೀವು ತಾಳ ಹಾಕಿ,” ಎಂದರು ಡಾಕ್ಟರು.

ಗುರುಗಳು ಬಲಗೈಯಿಂದ ಮೇಜು ತಟ್ಟತೊಡಗಿದರು. ಅವಳು ಕಾಲೆತ್ತಿದಳು. ಮುಂದಿನ ತಟ್ಟು ಬರುವವರೆಗೆ ಕಾಲು ಗಾಳಿಯಲ್ಲೇ ಕಾಯಿತು, ವಾಲಿತು, ಕೊನೆಗೆ ಪಾದ ಅಡ್ಡವಾಗಿ ನೆಲ ಮುಟ್ಟಿತು.

“ನೋಡಿದ್ರಾ? ನೆಟ್ಟಗಿರೋ ಕಾಲಿಗೂ ಅದೇ ಸೋಮಾರಿತನ.”

“ಕಾಲನ್ನ ಮೇಲೇ ಯಾಕೆ ಹಿಡಿದಿದ್ದೆ?” ಎಂದು ಡಾಕ್ಟರು ಅವಳನ್ನು ಕೇಳಿದರು.

ಅವಳು ಗುರುಗಳತ್ತ ನೋಡಿದಳು.

“ಇನ್ನೊಂದ್ಸಲ ಮಾಡಮ್ಮ.”

ಈ ಸಲ ಡಾಕ್ಟರು ಅವಳ ಕಾಲು ನೋಡಲೇ ಇಲ್ಲ, ಮೇಜು ತಟ್ಟುವ ಕೈಯನ್ನೇ ನೋಡಿದರು; ತಟ್ಟು ಒಮ್ಮೆ ಬೇಗ, ಒಮ್ಮೆ ತಡವಾಗಿ ಬೀಳುತ್ತಿತ್ತು. ತಮ್ಮ ಕುರ್ಚಿಯನ್ನು ನಿಧಾನವಾಗಿ ಗುರುಗಳ ಕಡೆಗೆ ತಿರುಗಿಸಿದರು.

“ಸಾರ್, ನಿಮ್ಮ ಬಲಗೈ ಸ್ವಲ್ಪ ಮುಂದಕ್ಕೆ ಚಾಚಿ.”