ಸುನ್‌ಬುನ್‌ಳ ಪೋಷಕ

ಕಿಚೋಲ್‌ನ ಕಾರು ಹಾಸ್ಟೆಲಿನ ಗೇಟು ದಾಟಿ ಒಳಗೆ ಬಂದು ನಿಂತಿತು. ಮೂರನೇ ಮಹಡಿಯ ಕಿಟಕಿಯಿಂದ ಅದನ್ನು ಕಂಡ ಸುನ್‌ಬುನ್ ಸರಕ್ಕನೆ ಪರದೆ ಎಳೆದಳು.

“ಅವರೇನಾ?” ಎಂದಳು ರೂಮ್‌ಮೇಟ್ ಗಾಯೂನ್.

“ಅವನೇ. ನನ್ನ ಕರ್ಕೊಂಡು ಹೋಗೋಕೆ ಬಂದಿದಾನೆ.”

ಗಾಯೂನ್ ಎದ್ದು ಬಾಗಿಲಿಗೆ ಚಿಲಕ ಹಾಕಿದಳು.

ಕರೆದುಕೊಂಡು ಹೋಗುವುದು ಎಲ್ಲಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮನೆಗಲ್ಲ. ಸುನ್‌ಬುನ್‌ಳ ಊರಾಚೆ ಗುಡ್ಡದ ಮೇಲೊಂದು ಬಿಳಿ ಕಟ್ಟಡವಿದೆ. ಸುಮ್ಮನೆ ನೋಡಿಬರೋಣ ಎಂದು ಹೇಳಿ ಚಳಿಗಾಲದಲ್ಲಿ ಕಿಚೋಲ್ ಅವಳನ್ನು ಅಲ್ಲಿಗೆ ಒಯ್ದಿದ್ದ. ಅಲ್ಲಿನ ಬಾಗಿಲು ಗುಟ್ಟಿನ ಅಂಕಿ ಒತ್ತಿದರಷ್ಟೇ ತೆರೆಯುತ್ತದೆ. ಆ ಅಂಕಿ ಒಳಗಿದ್ದವರಿಗೆ ಗೊತ್ತಿರುವುದಿಲ್ಲ. ಹಾಡುಹಗಲೇ ಹೆಂಗಸರೆಲ್ಲ ಟೀವಿಯ ಮುಂದೆ ಸಾಲಾಗಿ ಕೂತಿದ್ದರು. ಎಲ್ಲರ ಕೂದಲನ್ನೂ ಒಂದೇ ಅಳತೆಗೆ ಕತ್ತರಿಸಲಾಗಿತ್ತು. ಒಬ್ಬಳು ಸುನ್‌ಬುನ್‌ಳ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ. ಮೇಲ್ವಿಚಾರಕಿ ನಗುನಗುತ್ತಲೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಮೊದಮೊದಲು ಅಳ್ತಾರೆ. ಆಮೇಲೆ ಒಗ್ಗಿಹೋಗುತ್ತೆ,” ಎಂದಳು.

ಸುನ್‌ಬುನ್‌ಳ ಬೀದಿಯ ಗೆಳತಿ ಒಕ್ಜಾ ಕೂಡ ಹೀಗೇ ನೋಡಿಬರಲು ಹೋಗಿದ್ದಳು. ಮರಳಿ ಬರಲಿಲ್ಲ.

ಓದು ಸುನ್‌ಬುನ್‌ಗೆ ಸುಲಭಕ್ಕೆ ದಕ್ಕಿದ್ದಲ್ಲ. ಹೆಣ್ಣಿಗೇಕೆ ಶಾಲೆ ಎನ್ನುವ ಮನೆಯಲ್ಲಿ ಹುಟ್ಟಿದವಳು ಅವಳು. ಯಾರಿಗೂ ತಿಳಿಯದಂತೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದಳು. ಗುನ್‌ಸಾನ್‌ನ ಈ ಕಾಲೇಜಿನಲ್ಲಿ, ಸಾಹಿತ್ಯ ವಿಭಾಗದಲ್ಲಿ ಸೀಟು ಸಿಕ್ಕಿದ ಮೇಲಷ್ಟೇ ಕಿಚೋಲ್‌ಗೆ ಹೇಳಿದಳು. ಅವನು ಅರ್ಧ ಊಟದಲ್ಲೇ ಎದ್ದುಹೋದ. ಊರವರ ಮುಂದೆ ತಾನು ಮುಖ ಎತ್ತಿ ಓಡಾಡುವುದು ಹೇಗೆ ಎಂದು ಕೇಳಿದ. ಮಾರ್ಚ್ ತಿಂಗಳಲ್ಲಿ ತರಗತಿ ಶುರುವಾಗುವ ಹಿಂದಿನ ದಿನ, ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ, ಅವಳು ಚೀಲ ಹಿಡಿದು ಬಸ್ ಹತ್ತಿದಳು.

ಇಲ್ಲಿ ಜನ ನಕ್ಕದ್ದೇನೋ ನಿಜ. ಹಾಜರಿ ಕರೆಯುವಾಗ ಅವಳ ಸರದಿ ಬಂದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಸುನ್‌ಬುನ್ ಎಂಬುದು ಹಳೇಕಾಲದ ಹೆಸರು. ಗಾಯೂನ್ ಮಾತ್ರ ನಗಲಿಲ್ಲ. ಮೊದಲ ದಿನವೇ, ಕೇಳುವ ಮೊದಲೇ, ಕೆಳಗಿನ ಮಂಚ ಬಿಟ್ಟುಕೊಟ್ಟು ತಾನು ಮೇಲಿನದಕ್ಕೆ ಹತ್ತಿದಳು. ಆದರೆ ಮಾತುಮಾತಿಗೂ ತಲೆಬಾಗಿಸಿ ‘ನೀವು’ ಎನ್ನುತ್ತಿದ್ದಳು. ಸುನ್‌ಬುನ್‌ಗೆ ಅದು ಸರಿಬರಲಿಲ್ಲ. ಒಂದೇ ವರ್ಷ ಕಾಲೇಜು ಸೇರಿದವರು ಸಮಸಮ, ಅವರಲ್ಲಿ ಏಕವಚನವೇ ರೂಢಿ.

“ಹೆಸರು ಹಿಡಿದು ಕರಿ. ‘ನೀನು’ ಅನ್ನು,” ಎಂದು ಹಟ ಹಿಡಿದಳು.

ಗಾಯೂನ್‌ಳ ನಾಲಿಗೆ ಹೊರಳುವುದಕ್ಕೆ ವಾರ ಹಿಡಿಯಿತು. ಕೊನೆಗೊಂದು ದಿನ “ಸುನ್‌ಬುನ್, ನೀನು ಊಟ ಮಾಡಿದ್ಯಾ?” ಎಂದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಕಿವಿಯವರೆಗೆ ಕೆಂಪಾದಳು. ಸುನ್‌ಬುನ್‌ಗೆ ಅಳು ಬರುವಷ್ಟು ಸಂತೋಷವಾಯಿತು. ಅವತ್ತೇ ಅವಳನ್ನು ಕರೆದೊಯ್ದು ಖಾರದ ಅಕ್ಕಿಕಡುಬು ಟೊಕ್‌ಪೊಕಿ ತಿನ್ನಿಸಿದಳು.

ಕಿಚೋಲ್ ಸುಮ್ಮನಾಗಲಿಲ್ಲ. ದಿನ ಬೆಳಗಾದರೆ ಮೊಬೈಲಿನಲ್ಲಿ ಅವನ ಸಂದೇಶ. ಎಲ್ಲಿದೀಯಾ. ಯಾರ ಜೊತೆ ಇದೀಯಾ. ಮಾತ್ರೆ ತಗೊಂಡ್ಯಾ. ಸಾಕು ನಿನ್ನ ಆಟ, ಬಂದುಬಿಡು. ಅವಳು ಯಾವುದಕ್ಕೂ ಉತ್ತರಿಸಲಿಲ್ಲ. ಅವನು ಒಂದು ನೆಪಕ್ಕಾಗಿ ಕಾಯುತ್ತಿದ್ದಾನೆ ಎಂಬುದು ಅವಳಿಗೆ ತಿಳಿದಿತ್ತು.

ನಿನ್ನೆ ಸಂಜೆ ಅದೂ ಸಿಕ್ಕಿತು. ಮಹಡಿಯ ಅಡುಗೆಕೋಣೆಯಲ್ಲಿ ಒಲೆಯ ಮೇಲಿಟ್ಟ ಪಾತ್ರೆಯೊಂದು ಸುಟ್ಟು ಕರಕಲಾಗಿ, ಹೊಗೆ ತುಂಬಿ, ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಎಲ್ಲರೂ ಚಪ್ಪಲಿ ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದರು. ಅಲ್ಲಿ ಎಲ್ಲರ ಕಣ್ಣೂ ಸುನ್‌ಬುನ್‌ಳ ಮೇಲೆಯೇ. ಒಲೆ ಹಚ್ಚಿದ್ದು ತಾನೋ ಅಲ್ಲವೋ ಎಂದು ಅವಳಿಗೇ ಖಾತ್ರಿಯಿರಲಿಲ್ಲ. ಮನೆಯಲ್ಲಿ ಹಿಂದೊಮ್ಮೆ ಹೀಗೇ ಆಗಿತ್ತು. ನಿನ್ನ ತಲೆ ಸರಿಯಿಲ್ಲ ಎಂದು ಕಿಚೋಲ್ ಅಂದೇ ತೀರ್ಮಾನಿಸಿದ್ದ. ಈ ಸಲ ಯಾರೋ ಅವನಿಗೆ ಫೋನ್ ಮಾಡಿಬಿಟ್ಟಿದ್ದರು.

ಈಗ ಗೋಡೆಯ ಸ್ಪೀಕರ್ ಗೊರಗುಟ್ಟಿತು. ಮುನ್ನೂರ ಏಳನೇ ಕೋಣೆಯವರು ಕೆಳಗೆ ಬರಬೇಕಂತೆ.

ಸುನ್‌ಬುನ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಗಾಯೂನ್ ಇನ್ನೊಂದು ತೋಳು ಹಿಡಿದಿದ್ದಳು. ವಾರ್ಡನ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೋಗಲು ಕಾಲು ಬಾರದೆ ಇಬ್ಬರೂ ಹೊರಗೇ ನಿಂತರು.

ಕಿಚೋಲ್‌ನ ದನಿ ಕೇಳುತ್ತಿತ್ತು. ಗುಡ್ಡದ ಮೇಲೆ ಹಾಸಿಗೆ ಖಾಲಿಯಾಗಿದೆ, ಎಲ್ಲ ಮಾತಾಡಿಯಾಗಿದೆ, ಸಾಮಾನು ಕಟ್ಟಿಸಿ ಕಳಿಸಿದರೆ ಸಾಕು ಎನ್ನುತ್ತಿದ್ದ. ವಾರ್ಡನ್ ಪ್ಯೊ ಅವನಿಗೆ ಬಾರ್ಲಿ ಚಹಾ ಸುರಿದುಕೊಟ್ಟರು. ಪಾತ್ರೆ ಸುಟ್ಟದ್ದು ಗಾಯೂನ್, ಬೆಳಗ್ಗೆಯೇ ಬಂದು ಒಪ್ಪಿಕೊಂಡಿದ್ದಾಳೆ ಎಂದರು. ಸುನ್‌ಬುನ್ ತಿರುಗಿ ನೋಡಿದಳು. ಗಾಯೂನ್ ನೆಲ ನೋಡುತ್ತಿದ್ದಳು. ಅದು ನಿಜವೋ, ತನ್ನನ್ನು ಉಳಿಸಲು ಹೇಳಿದ ಸುಳ್ಳೋ ಸುನ್‌ಬುನ್‌ಗೆ ತಿಳಿಯಲಿಲ್ಲ.

“ಇವತ್ತು ಆ ಹುಡುಗಿ. ನಾಳೆ ಇವಳೇ ಇಡೀ ಕಟ್ಟಡ ಸುಡ್ತಾಳೆ,” ಎಂದ ಕಿಚೋಲ್. “ನಿಮ್ಮ ಫಾರಮ್ಮಿನಲ್ಲಿ ಪೋಷಕ ಅಂತ ಇರೋದು ನನ್ನ ಹೆಸರು. ನಾನು ಹೇಳಿದ ಮೇಲೆ ಮುಗೀತು.”

“ಪೋಷಕರು ನೀವೇ, ಇಲ್ಲ ಅನ್ನಲ್ಲ,” ವಾರ್ಡನ್ ದನಿ ಏರಿಸಲಿಲ್ಲ. “ಆದ್ರೆ ಪೋಷಕರ ಮಾತು ನಡೆಯೋದು ಹತ್ತೊಂಬತ್ತು ತುಂಬದೇ ಇರೋರ ಮೇಲೆ. ತುಂಬಿದ್ರೆ, ಅವರು ಬರಲ್ಲ ಅಂದ್ರೆ ನಾನು ಕಳಿಸೋ ಹಾಗಿಲ್ಲ. ಅವರ ವಯಸ್ಸೆಷ್ಟು? ನಿಮ್ಮ ಬಾಯಲ್ಲೇ ಹೇಳಿ.”

ಕಿಚೋಲ್ ಲೋಟ ಕೆಳಗಿಟ್ಟ.

“ಅಮ್ಮನಿಗೆ ಈಗ ಎಪ್ಪತ್ತೆರಡು,” ಎಂದ.